ಸಿಂಥ್‌ಗೆ ಇನ್ನೇನು ಸೇರಿಸಲಿ? ಒಂದು ತಿಂಗಳ ಕೊರತೆ ಪಟ್ಟಿ

ಸಿಂಥಸೈಜರ್ ಅಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಗಣೇಶನ ಹಬ್ಬದ ಆರ್ಕೆಸ್ಟ್ರಾದ ಕೀಬೋರ್ಡ್. ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದಕ್ಕೆ ಪಿಟೀಲು, ಮತ್ತೊಂದಕ್ಕೆ ಡ್ರಮ್ಸ್. ನನ್ನ ಹತ್ತಿರ ಇರುವುದು ಬೇರೆ ಜಾತಿಯದು. ಹೆಸರು ಬೆರಿಂಗರ್ ಕ್ರೇವ್. ಅನಲಾಗ್, ಸೆಮಿ-ಮಾಡ್ಯುಲರ್. ಅದರಲ್ಲಿ ಕೊಳಲೂ ಇಲ್ಲ, ಪಿಟೀಲೂ ಇಲ್ಲ. ಒಂದು ಒರಟು ದನಿ ಇದೆ, ಅದನ್ನು ತಿದ್ದಲು ಒಂದಷ್ಟು ನಾಬ್‌ಗಳಿವೆ, ಪಕ್ಕದಲ್ಲಿ 32 ತೂತುಗಳಿವೆ. ಸಣ್ಣ ವೈರಿನಿಂದ ಒಂದು ತೂತನ್ನು ಇನ್ನೊಂದಕ್ಕೆ ಜೋಡಿಸಿದರೆ ದನಿಯ ಸ್ವಭಾವವೇ ಬದಲಾಗುತ್ತದೆ. ಮೊದಲ ದಿನ ನೋಡಿದ ನನ್ನ ಹೆಂಡತಿ, "ರೀ, ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ತಂದೀರೇನು?" ಅಂದಳು.

ಒಬ್ಬ ಜಿಲ್ಲಾ ಸ್ಟ್ರಿಂಗರ್‌ಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಗದಗಿನ ಒಂದು ಹವ್ಯಾಸಿ ನಾಟಕ ತಂಡಕ್ಕೆ ನಾನು ಆರು ವರ್ಷದಿಂದ ಧ್ವನಿ ನೋಡಿಕೊಳ್ಳುತ್ತಿದ್ದೇನೆ. ಮೊದಲು ಲ್ಯಾಪ್‌ಟಾಪಿನಲ್ಲಿ ಮಳೆ, ಗುಡುಗು, ರೈಲು ಎಂದು ಫೈಲ್ ಇಟ್ಟುಕೊಂಡು ಒತ್ತುತ್ತಿದ್ದೆ. ನಟಿ ಒಂದು ಕ್ಷಣ ಹೆಚ್ಚು ಸುಮ್ಮನೆ ನಿಂತರೂ ಗುಡುಗು ತನ್ನ ಹೊತ್ತಿಗೇ ಬಂದುಬಿಡುತ್ತಿತ್ತು. ನಟರ ಉಸಿರಿಗೆ ಕಾಯುವ ದನಿ ಬೇಕಿತ್ತು. ಬೆಂಗಳೂರಿನ ಗೆಳೆಯನೊಬ್ಬ ಊರು ಬಿಡುವಾಗ ಸೆಕೆಂಡ್ ಹ್ಯಾಂಡ್ ಬೆಲೆಗೆ ಈ ಯಂತ್ರ ಕೊಟ್ಟ.

ಇಂಥ ಯಂತ್ರ ಕೊಂಡ ಎಲ್ಲರಿಗೂ ಕೆಲವೇ ತಿಂಗಳಲ್ಲಿ ಒಂದೇ ಪ್ರಶ್ನೆ ಕಾಡುತ್ತದೆ: ಇದಕ್ಕೆ ಇನ್ನೇನು ಸೇರಿಸಲಿ? ಯಾವ ಮಾಡ್ಯೂಲ್, ಯಾವ ಎಫೆಕ್ಟ್? ಕೈಯಲ್ಲಿ ದುಡ್ಡು ಕಡಿಮೆ ಇದ್ದವನು ಇದಕ್ಕೆ ಹೇಗೆ ಉತ್ತರ ಹುಡುಕಬಹುದು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಕೆಲಸ ಎರಡು ಮಾತಿನಲ್ಲಿ. ಆಸಿಲೇಟರ್ ಎಂಬ ಭಾಗ ಒಂದು ದಟ್ಟವಾದ ದನಿ ಹುಟ್ಟಿಸುತ್ತದೆ. ಫಿಲ್ಟರ್ ಅದರಲ್ಲಿ ಬೇಡದ್ದನ್ನು ತೆಗೆಯುತ್ತದೆ. ನಾವು ಕಳಿಸಿದ ಎರಡು ಪುಟದ ವರದಿಯನ್ನು ಡೆಸ್ಕಿನವರು ನಾಲ್ಕು ಪ್ಯಾರಾಕ್ಕೆ ಇಳಿಸುವ ಹಾಗೆ. ಕೊನೆಗೆ ವಿ.ಸಿ.ಎ. ಎಂಬ ಬಾಗಿಲು ದನಿ ಯಾವಾಗ ಹೊರಬರಬೇಕು, ಎಷ್ಟು ಬರಬೇಕು ಎಂದು ನೋಡಿಕೊಳ್ಳುತ್ತದೆ. ನಾಬ್ ತಿರುಗಿಸುವ ಕೆಲಸವನ್ನು ಕೈಯ ಬದಲು ವೋಲ್ಟೇಜ್ ಮಾಡಬಲ್ಲದು ಎಂಬುದೇ ಇದರ ಗುಟ್ಟು. ಎಲ್‌ಎಫ್‌ಒ ಎಂಬ ನಿಧಾನದ ಅಲೆಯನ್ನು ಫಿಲ್ಟರ್‌ನ ತೂತಿಗೆ ಜೋಡಿಸಿದರೆ, ಯಾರೋ ಕಾಣದ ಕೈಯಿಂದ ಫಿಲ್ಟರ್ ತೆರೆದು ಮುಚ್ಚುತ್ತಿರುವಂತೆ ಕೇಳುತ್ತದೆ.

1960ರ ದಶಕದ ನಡುವೆ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಬೇರೆ ಬೇರೆಯಾಗಿ ಇಂಥ ಯಂತ್ರ ಕಟ್ಟಿದರು. ಮೂಗ್ ಹಾಕಿಕೊಟ್ಟ ಲೆಕ್ಕ ಇವತ್ತಿಗೂ ನಡೆದಿದೆ: ಒಂದು ವೋಲ್ಟ್ ಹೆಚ್ಚಿಸಿದರೆ ದನಿ ಒಂದು ಸಪ್ತಕ ಮೇಲೆ ಹೋಗಬೇಕು. ಅಂದರೆ ಮಂದ್ರ ಷಡ್ಜ ಮಧ್ಯ ಷಡ್ಜವಾಗಲು ಒಂದು ವೋಲ್ಟ್. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಸುಮಾರು 83 ಮಿಲಿವೋಲ್ಟ್. ನಮ್ಮ ದೇಶಕ್ಕೂ ಇದು ಹೊಸತಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಮೂಗ್ ಯಂತ್ರದ ಸ್ಟುಡಿಯೊ ಹೊಂದಿಸಿದ್ದರು. ಗೀತಾ ಸಾರಾಭಾಯ್, ಅತುಲ್ ದೇಸಾಯಿ ಮುಂತಾದವರು ಅಲ್ಲಿ ಕೆಲಸ ಮಾಡಿದ್ದರು. ಆ ಟೇಪುಗಳು ಎಷ್ಟೋ ವರ್ಷಗಳ ನಂತರ ಸಿಕ್ಕು, ಈಗ ಕೇಳಲು ಸಿಗುತ್ತವೆ.

1990ರ ದಶಕದಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ ಎ-100 ಎಂಬ ವ್ಯವಸ್ಥೆ ತಂದರು. ಅದರ ಅಳತೆಗಳೇ ಯೂರೋರ್‍ಯಾಕ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಮಾದರಿಯಾದವು. ಮಾಡ್ಯೂಲಿನ ಎತ್ತರ 128.5 ಮಿಲಿಮೀಟರ್; ಅಗಲವನ್ನು ಎಚ್.ಪಿ. ಎಂಬ ಏಕಮಾನದಲ್ಲಿ ಅಳೆಯುತ್ತಾರೆ, ಒಂದು ಎಚ್.ಪಿ. ಅಂದರೆ 5.08 ಮಿಲಿಮೀಟರ್. ಅಳತೆ ಒಂದೇ ಆದ ಮೇಲೆ ಯಾರು ಬೇಕಾದರೂ ಮಾಡ್ಯೂಲ್ ಮಾಡಬಹುದು. ಈಗ ಸಾವಿರಾರು ಬಗೆ ಇವೆ. ತೊಂದರೆ ಶುರುವಾಗುವುದೇ ಇಲ್ಲಿಂದ. ಒಂದು ಮಾಡ್ಯೂಲ್ ಕೊಂಡರೆ ಅದನ್ನು ಕೂರಿಸಲು ಕೇಸ್ ಬೇಕು, ಕೇಸಿಗೆ ಪ್ಲಸ್ 12, ಮೈನಸ್ 12 ವೋಲ್ಟಿನ ಪವರ್ ಸಪ್ಲೈ ಬೇಕು. ಎಲ್ಲ ಮಾಡ್ಯೂಲುಗಳು ಎಳೆಯುವ ಮಿಲಿಆಂಪ್ ಕೂಡಿಸಿ, ಅದರ ಮೇಲೆ ಕಾಲು ಭಾಗದಷ್ಟಾದರೂ ಮಿಗುವಂತೆ ಸಪ್ಲೈ ಆರಿಸಬೇಕು. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಮೈನಸ್ 12ರ ಕಡೆಗೇ ಇರಬೇಕು. ತಿರುಗಾಮುರುಗಾ ಆದರೆ ಮಾಡ್ಯೂಲ್ ಸುಟ್ಟು ಹೋಗಬಹುದು. ಕೇಸಿನಲ್ಲಿ ಜಾಗ ಉಳಿದರೆ ಅದನ್ನು ತುಂಬಿಸುವ ಆಸೆ ಬೇರೆ. ಎಮ್ಮೆ ಕಟ್ಟಲು ಹಗ್ಗ ತಂದು, ಹಗ್ಗ ಉಳಿಯಿತೆಂದು ಇನ್ನೊಂದು ಎಮ್ಮೆ ತಂದ ಹಾಗೆ.

ನನ್ನ ಹತ್ತಿರ ಇದ್ದದ್ದು 24 ಸಾವಿರ ರೂಪಾಯಿ. ಎರಡು ವರ್ಷದಲ್ಲಿ ಮದುವೆ ವಿಡಿಯೊಗಳಿಗೆ ಧ್ವನಿ ಹೊಂದಿಸಿ ಕೂಡಿಟ್ಟದ್ದು. ಸ್ಟ್ರಿಂಗರ್ ಬದುಕು ನಿಮಗೆ ಹೊಸತಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂಬ ಲೆಕ್ಕ, ಅದೂ ಎರಡು ಮೂರು ತಿಂಗಳಿಗೊಮ್ಮೆ. ಅದೇ ದುಡ್ಡಿನ ಮೇಲೆ ಫೋನಿನ ಕಣ್ಣೂ ಇತ್ತು. ನಾಲ್ಕು ವರ್ಷದ ಫೋನ್. ಐದು ನಿಮಿಷ ವಿಡಿಯೊ ತೆಗೆದರೆ ಬಿಸಿಯಾಗಿ ನಿಂತುಬಿಡುತ್ತಿತ್ತು. ಪ್ರತಿಭಟನೆ ಇರಲಿ, ಬೆಳೆಹಾನಿ ಇರಲಿ, ನಮಗೆ ಫೋನೇ ನೇಗಿಲು. ಹಾಗೆಂದು ಸಿಂಥ್ ಕೆಲಸಕ್ಕೆ ಬಾರದ ವಸ್ತು ಎಂದು ಮೂಲೆಗಿಡಲೂ ಮನಸ್ಸಿರಲಿಲ್ಲ. ದಿನವಿಡೀ ಬೇರೆಯವರ ಮಾತು ಬರೆದುಕೊಳ್ಳುವವನಿಗೆ, ಸಂಜೆ ತನ್ನದೇ ಒಂದು ದನಿ ಮಾಡುವ ಹೊತ್ತು ಬೇಕಾಗುತ್ತದೆ. ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ, ಆದರೆ ಅದಿಲ್ಲದೆ ಮರುದಿನದ ಕೆಲಸ ಭಾರವಾಗುತ್ತದೆ.

ಹೊಸ ನಾಟಕದ ತಾಲೀಮು ಶುರುವಾಗಿತ್ತು. ಬರಗಾಲದ ಕತೆ. ಬೋರ್‌ವೆಲ್ ಕೊರೆಸಿ ಕೊರೆಸಿ ಹೊಲ ಮಾರಿಕೊಳ್ಳುವ ಒಂದು ಮನೆ. ನಿರ್ದೇಶಕರಿಗೆ ನನ್ನಿಂದ ಮೂರು ದನಿ ಬೇಕಿತ್ತು: ಕಪ್ಪತಗುಡ್ಡದ ಕಡೆಯಿಂದ ಬೀಸುವ ಒಣಗಾಳಿ, ಬೋರ್‌ವೆಲ್ ಗಾಡಿಯ ಸದ್ದು, ಮತ್ತು ಒಂದು ಹಾಡಿಗೆ ಆಧಾರವಾಗಿ ಹಿಡಿದ ಶ್ರುತಿ. ಹಾಡುವವರು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣದವರು. ನಾವೆಲ್ಲ ಅವರನ್ನು ಗವಾಯಿಗಳೇ ಎನ್ನುತ್ತೇವೆ.

ಅಂಗಡಿಗಳ ಪುಟ ನೋಡುವುದನ್ನು ಒಂದು ತಿಂಗಳು ಬಿಟ್ಟು, ವರದಿಗಾರನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಶುರುಮಾಡಿದೆ. ನಿಯಮ ಒಂದೇ. ತಾಲೀಮಿನಲ್ಲಿ ನುಡಿಸುವಾಗ ಯಾವುದಾದರೂ ಇಲ್ಲವಲ್ಲ ಎಂದು ಕೈ ತಡವರಿಸಿದರೆ ಆಗಲೇ ಒಂದು ಗೆರೆ. ಮನೆಯಲ್ಲಿ ವಿಡಿಯೊ ನೋಡಿ ಆಸೆಯಾದರೆ ಗೆರೆ ಇಲ್ಲ. ತಿಂಗಳ ಕೊನೆಗೆ ಲೆಕ್ಕ ಹೀಗಿತ್ತು: ವೋಲ್ಟೇಜ್ ತಗ್ಗಿಸುವ ನಾಬ್ 14 ಸಲ, ಪ್ರತಿಧ್ವನಿ 9 ಸಲ, ಷಡ್ಜದ ಜೊತೆ ಪಂಚಮ ಹಿಡಿಯಲು ಎರಡನೇ ಆಸಿಲೇಟರ್ 8 ಸಲ, ಎರಡನೇ ಎಲ್‌ಎಫ್‌ಒ 6 ಸಲ, ಉದ್ದ ಕೇಬಲ್ಲಿನ ಗುಂಯ್ ಸದ್ದಿಗೆ ಮದ್ದು 3 ಸಲ, ಇನ್ನೊಂದು ಫಿಲ್ಟರ್ 2 ಸಲ. ನಾನು ಬಹಳ ದಿನದಿಂದ ಕಣ್ಣಿಟ್ಟಿದ್ದ ಮಿನುಗುವ ದೀಪಗಳ ಸೀಕ್ವೆನ್ಸರ್ ಮಾಡ್ಯೂಲಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಮೊದಲನೆಯದು ಅಟೆನ್ಯುಯೇಟರ್, ಅಂದರೆ ತಗ್ಗಿಸುವ ನಾಬ್. ಇದನ್ನು ಯಾರೂ ಆಸೆಪಟ್ಟು ಕೊಳ್ಳುವುದಿಲ್ಲ. ನನಗೆ ಇದರ ಬೆಲೆ ತಿಳಿಸಿದವರು ಗವಾಯಿಗಳು. ಗಾಳಿಯ ದನಿ ಮಾಡುವುದು ಹೀಗೆ: ನಾಯ್ಸ್ ಅಂದರೆ ಬರೀ ಸುಯ್ ಎನ್ನುವ ಸದ್ದನ್ನು ಫಿಲ್ಟರಿನಲ್ಲಿ ಹಾಯಿಸಿ, ರೆಸೊನೆನ್ಸ್ ಏರಿಸಿ, ನಿಧಾನದ ಅಲೆಯಿಂದ ಫಿಲ್ಟರ್ ಅಲುಗಾಡಿಸಬೇಕು. ಕೇಳಿದವರೆಲ್ಲ ಚೆನ್ನಾಗಿದೆ ಎಂದರು. ಗವಾಯಿಗಳು ಮಾತ್ರ, "ತಮ್ಮಾ, ನಿನ್ನ ಗಾಳಿ ಸಿಳ್ಳಿ ಹಾಕ್ತೈತಿ. ಆ ಸಿಳ್ಳಿ ನನ್ನ ಷಡ್ಜದ ಮ್ಯಾಲೆ ಕುಂದ್ರವಲ್ದು" ಎಂದರು. ರೆಸೊನೆನ್ಸ್ ಏರಿದಾಗ ಫಿಲ್ಟರಿಗೇ ಒಂದು ಸ್ವರ ಬಂದಿರುತ್ತದೆ. ಅಲೆ ಪೂರ್ತಿ ಬಲದಲ್ಲಿ ಬಂದರೆ ಆ ಸ್ವರ ಕೆಳಗಿನಿಂದ ಮೇಲಿನವರೆಗೆ ಜಾರಿ ಹಾಡುವವರನ್ನು ಎಳೆಯುತ್ತದೆ. ಅಲೆಯನ್ನು ಹತ್ತರಲ್ಲಿ ಒಂದು ಪಾಲಿಗೆ ತಗ್ಗಿಸಿದರೆ ಗಾಳಿ ಪಂಚಮ, ಷಡ್ಜದ ಆಸುಪಾಸಿನಲ್ಲೇ ಉಸಿರಾಡುತ್ತದೆ. ಯಂತ್ರದೊಳಗಿನ ನಾಬ್ ಒಂದು ಅಲೆಗೆ ಸಾಕು. ಹೊರಗಿನಿಂದ ಎರಡು ಮೂರು ವೈರು ಬಂದಾಗ ಒಂದೊಂದಕ್ಕೂ ಬೇರೆ ತಗ್ಗಿಸುವ ನಾಬ್ ಬೇಕು.

ಇದಕ್ಕೆ ವಿದೇಶಿ ಮಾಡ್ಯೂಲೇ ಬೇಕಿಲ್ಲ. ಕರೆಂಟೂ ಬೇಡ. ಒಂದು 100ಕೆ ಪೊಟೆನ್ಶಿಯೋಮೀಟರ್, ಎರಡು 3.5 ಮಿಲಿಮೀಟರ್ ಜಾಕ್: ಒಳಬರುವ ವೈರ್ ಒಂದು ತುದಿಗೆ, ಅರ್ಥ್ ಇನ್ನೊಂದು ತುದಿಗೆ, ನಡುವಿನ ಕಾಲು ಹೊರಹೋಗುವ ಜಾಕಿಗೆ. ಇಂಥ ನಾಲ್ಕು ಸಾಲು ಒಂದು ಡಬ್ಬಿಯಲ್ಲಿ. ನಮ್ಮ ಊರಿನ ರೇಡಿಯೊ ರಿಪೇರಿ ಅಣ್ಣನಿಗೆ ಚಿತ್ರ ಬರೆದು ತೋರಿಸಿದೆ. ಅವನು ನೋಡಿ, "ಇದು ವಾಲ್ಯೂಮ್ ಕಂಟ್ರೋಲ್ ಅಲ್ಲೇನೋ? ಇಷ್ಟುದ್ದ ಇಂಗ್ಲಿಷ್ ಹೆಸರಿಟ್ಟು ಎಷ್ಟ್ ರೊಕ್ಕ ತಗೋತಾರ?" ಎಂದ. ನಾನು ಹೇಳಿದ ಬೆಲೆ ಕೇಳಿ ನಕ್ಕ. ಸಾಮಾನು, ಕೂಲಿ ಎಲ್ಲ ಸೇರಿ 480 ರೂಪಾಯಿ ಆಯಿತು. ಇದರಲ್ಲಿ ಒಂದು ಮಿತಿಯಿದೆ: ಇದು ತಗ್ಗಿಸುತ್ತದೆ ಅಷ್ಟೇ, ಅಲೆಯನ್ನು ತಲೆಕೆಳಗು ಮಾಡುವುದಿಲ್ಲ. ಅದಕ್ಕೆ ಕರೆಂಟ್ ಬೇಕಾದ ಅಟೆನ್ಯುವರ್ಟರ್ ಬೇಕು. ಸ್ವರದ ವೋಲ್ಟೇಜನ್ನು ಇದರ ಮೂಲಕ ಹಾಯಿಸಬಾರದು; 83 ಮಿಲಿವೋಲ್ಟಿನ ಲೆಕ್ಕದಲ್ಲಿ ಸ್ವಲ್ಪ ಕಡಿಮೆಯಾದರೂ ಅಪಸ್ವರ.

ಎರಡನೆಯದು ಪ್ರತಿಧ್ವನಿ. ಎಫೆಕ್ಟ್ ಎಂದರೆ ಎಲ್ಲರೂ ಮೊದಲು ಹೇಳುವುದು ರಿವರ್ಬ್. ಅದು ದೊಡ್ಡ ಕೋಣೆಯ ಅನುಭವ ಕೊಡುತ್ತದೆ. ಆದರೆ ನಾವು ನಾಟಕ ಮಾಡುವ ಸಭಾಭವನಗಳನ್ನು ನೀವು ನೋಡಿದ್ದೀರಿ. ಎತ್ತರದ ತಗಡಿನ ಸೂರು, ಬರೀ ಗೋಡೆ, ಮುಂದಿನ ಎರಡು ಸಾಲು ಗಣ್ಯರಿಗೆಂದು ಖಾಲಿ. ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಸುತ್ತಾಡಿ ಬರುತ್ತದೆ. ರಿವರ್ಬ್ ಪುಕ್ಕಟೆಯಾಗಿ ಅಲ್ಲೇ ಇದೆ. ಅದರ ಮೇಲೆ ಇನ್ನೊಂದು ಸುರಿದರೆ ನಟರ ಮಾತು ಮುಳುಗುತ್ತದೆ. ಎಫೆಕ್ಟ್ ಆರಿಸುವಾಗ ಹೆಡ್‌ಫೋನಿನಲ್ಲಿ ಹೇಗೆ ಕೇಳುತ್ತದೆ ಎಂಬುದಕ್ಕಿಂತ ದನಿ ಕೊನೆಗೆ ಯಾವ ಜಾಗದಲ್ಲಿ ಬೀಳುತ್ತದೆ ಎಂಬುದು ಮುಖ್ಯ. ನನಗೆ ಬೇಕಿದ್ದದ್ದು ಡಿಲೇ; ಬೋರ್‌ವೆಲ್ ಗಾಡಿಯ ಒಂದೊಂದು ಪೆಟ್ಟೂ ಗುಡ್ಡಕ್ಕೆ ಬಡಿದು ಮರಳಬೇಕು.

ಡಿಲೇಗೆ ಮೂರು ದಾರಿ ಇತ್ತು. ಯೂರೋರ್‍ಯಾಕ್ ಡಿಲೇ ಮಾಡ್ಯೂಲ್ ಚೆಂದ, ಆದರೆ ಕೇಸ್, ಸಪ್ಲೈ ಎಲ್ಲ ಜೊತೆಗೆ ಬರುತ್ತದೆ. ಗಿಟಾರ್ ಪೆಡಲ್ ಎರಡನೇ ದಾರಿ. ಗಿಟಾರಿನ ಸಿಗ್ನಲ್ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ, ಮಾಡ್ಯುಲರ್ ಸಿಗ್ನಲ್ ಹತ್ತು ವೋಲ್ಟಿನವರೆಗೂ ತೂಗಾಡಬಹುದು. ತಗ್ಗಿಸದೆ ಕೊಟ್ಟರೆ ಪೆಡಲ್ ಕಿರುಚುತ್ತದೆ. ಮೂರನೆಯದು ನಮ್ಮ ಮೈಕ್ ಸೆಟ್‌ನವರಿಗೆಲ್ಲ ಗೊತ್ತಿರುವ ದಾರಿ. ಪಿಟಿ2399 ಎಂಬ ಒಂದು ಚಿಪ್ ಇದೆ. ಕರಾವೊಕೆ ಯಂತ್ರಗಳಲ್ಲಿ, ಅಗ್ಗದ ಎಕೊ ಬೋರ್ಡುಗಳಲ್ಲಿ ದುಡಿಯುವುದು ಇದೇ. ಗಿಟಾರಿನ ಎಷ್ಟೋ ಡಿಲೇ ಪೆಡಲುಗಳ ಹೊಟ್ಟೆಯಲ್ಲೂ ಇದೇ. ಐದು ವೋಲ್ಟಿನಲ್ಲಿ ನಡೆಯುತ್ತದೆ, ಸುಮಾರು 30ರಿಂದ 340 ಮಿಲಿಸೆಕೆಂಡಿನವರೆಗೆ ತಡಮಾಡುತ್ತದೆ. 340 ಮಿಲಿಸೆಕೆಂಡಿನಲ್ಲಿ ಶಬ್ದ ಹೆಚ್ಚುಕಡಿಮೆ 116 ಮೀಟರ್ ಹೋಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಗುಡ್ಡ 58 ಮೀಟರ್ ದೂರದಲ್ಲಿದ್ದಂತೆ. ನನ್ನ ದೃಶ್ಯಕ್ಕೆ ಅಷ್ಟು ಸಾಕು. ಸಮಯ ಹೆಚ್ಚಿಸಿದಷ್ಟೂ ದನಿ ಮಸುಕಾಗಿ, ಗರಗರ ಸೇರುತ್ತದೆ. ಬೋರ್‌ವೆಲ್ ದೂಳಿಗೆ ಆ ಗರಗರ ಚೆನ್ನಾಗಿಯೇ ಹೊಂದಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೆಳೆಯನೊಬ್ಬ ಬೋರ್ಡ್ ತಂದುಕೊಟ್ಟ. ರಿಪೇರಿ ಅಣ್ಣನೇ ಅದನ್ನೂ ತಗಡಿನ ಡಬ್ಬಿಗೆ ಕೂರಿಸಿದ. ಎಲ್ಲ ಸೇರಿ 650. ಬೋರ್ಡಿಗೆ ಹೋಗುವ ದನಿ ಮೊದಲು ತಗ್ಗಿಸುವ ಡಬ್ಬಿಯ ಮೂಲಕ ಹಾಯುತ್ತದೆ. ಆ ಡಬ್ಬಿ ಮೊದಲು ಬಂದದ್ದರಿಂದಲೇ ಅಗ್ಗದ ಬೋರ್ಡ್ ಬಳಸಲು ಸಾಧ್ಯವಾಯಿತು. ಸೇರ್ಪಡೆಗಳಿಗೆ ಒಂದು ಕ್ರಮ ಇದೆ ಎಂದು ನಾನು ಹೇಳುವುದು ಇದಕ್ಕೇ.

ಮೂರನೆಯದು ಎರಡನೇ ಆಸಿಲೇಟರ್. ಇದರಲ್ಲಿ ದುಡ್ಡಿಗಿಂತ ದೊಡ್ಡ ತೊಡಕು ಶ್ರುತಿ. ಅನಲಾಗ್ ಆಸಿಲೇಟರ್ ಬಿಸಿಯಾಗುತ್ತಾ ಸ್ವರ ಬದಲಿಸುತ್ತದೆ. ಹಚ್ಚಿ ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಬೇಕು. ಏಪ್ರಿಲ್ ತಿಂಗಳ ಗದಗಿನಲ್ಲಿ, ವೇದಿಕೆಯ ದೀಪಗಳ ಪಕ್ಕದಲ್ಲಿ ಒಂದನ್ನು ಕಾಯುವುದೇ ಕಷ್ಟ. ಎರಡಾದರೆ ಒಂದು ಕಡೆ ಷಡ್ಜ ಜಾರುತ್ತದೆ, ಇನ್ನೊಂದು ಕಡೆ ಪಂಚಮ. ಗವಾಯಿಗಳ ಶ್ರುತಿ ಕಪ್ಪು ಒಂದು, ಅದು ಕೂದಲೆಳೆ ಅಲುಗಿದರೂ ಅವರ ಹುಬ್ಬು ಗಂಟಾಗುತ್ತದೆ.

ಉತ್ತರ ಅವರ ಚೀಲದಲ್ಲೇ ಇತ್ತು. ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ. ಬೆಂಗಳೂರಿನ ರಾಡೆಲ್‌ನಂಥ ಕಂಪನಿಗಳು ದಶಕಗಳಿಂದ ಮಾಡುತ್ತಿರುವ ಈ ಪೆಟ್ಟಿಗೆ ಇಲ್ಲದ ಸಂಗೀತದ ಮನೆ ನಮ್ಮಲ್ಲಿ ಕಡಿಮೆ. ಕ್ರೇವ್‌ನಲ್ಲಿ ಹೊರಗಿನ ದನಿ ಒಳತರಲು ಒಂದು ತೂತು ಇದೆ. ತಂಬೂರಿಯ ಲೈನ್ ಔಟ್ ಅಲ್ಲಿಗೆ ಜೋಡಿಸಿ, ವಾಲ್ಯೂಮ್ ಪೂರ್ತಿ ಏರಿಸಿದರೆ ತಂತಿಯ ನಾದ ಸಿಂಥ್‌ನ ಫಿಲ್ಟರಿನ ಮೂಲಕ ಹಾಯ್ದು ಬರುತ್ತದೆ. ಫಿಲ್ಟರ್ ಮುಚ್ಚಿದಾಗ ಭೂಮಿಯ ಕೆಳಗಿನ ಗುನುಗು, ನಿಧಾನ ತೆರೆದಂತೆ ಒಂದೊಂದೇ ತಂತಿ ಬೆಳಕಿಗೆ ಬಂದ ಹಾಗೆ. ಶ್ರುತಿ ಅಲುಗುವುದಿಲ್ಲ, ಯಾಕೆಂದರೆ ಅದನ್ನು ಹಿಡಿದಿರುವುದು ತಂಬೂರಿ ಪೆಟ್ಟಿಗೆ, ನನ್ನ ಆಸಿಲೇಟರ್ ಅಲ್ಲ. ಗವಾಯಿಗಳು ಬಹಳ ಹೊತ್ತು ಕೇಳಿ, "ಇದು ನಂದೇ ತಂಬೂರಿ, ಆದ್ರ ಬಾವ್ಯಾಗ ಕುಂತೈತಿ" ಎಂದರು. ನಾಟಕವೇ ಬಾವಿಯದು. ಅದಕ್ಕಿಂತ ಒಳ್ಳೆಯ ಒಪ್ಪಿಗೆ ನನಗೆ ಬೇಕಿರಲಿಲ್ಲ. ಖರ್ಚು ಒಂದು ಕೇಬಲ್, 120 ರೂಪಾಯಿ.

ನಾಲ್ಕನೆಯದು ಎರಡನೇ ಎಲ್‌ಎಫ್‌ಒ. ಲ್ಯಾಪ್‌ಟಾಪಿನಿಂದಲೇ ನಿಧಾನದ ಅಲೆ ಕಳಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಸಾಧಾರಣ ಹೆಡ್‌ಫೋನ್ ಜಾಕ್ ಅಷ್ಟು ನಿಧಾನದ ವೋಲ್ಟೇಜನ್ನು ತಡೆದುಬಿಡುತ್ತದೆ. ಅದಕ್ಕೆ ಡಿಸಿ-ಕಪಲ್ಡ್ ಎಂಬ ಬಗೆಯ ಆಡಿಯೊ ಇಂಟರ್‌ಫೇಸ್ ಬೇಕು. ನಾನು ನೋಟ್‌ಬುಕ್ಕಿನ ಆ ಆರು ಗೆರೆಗಳನ್ನು ಮತ್ತೆ ನೋಡಿದೆ. ಆರೂ ಗಾಳಿ ಏರಬೇಕಾದ ಜಾಗಗಳೇ. ಆ ಗಾಳಿ ಏರಬೇಕಿದ್ದದ್ದು ತಾಯಿಯ ಪಾತ್ರದವರು ಬಾಗಿಲ ಕಡೆ ತಿರುಗಿದಾಗ. ಎಲ್‌ಎಫ್‌ಒಗೆ ವೇದಿಕೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಅದು ನನ್ನ ಎಡಗೈಯ ಕೆಲಸ. ಪಟ್ಟಿಯಲ್ಲಿ ಆ ಸಾಲು ಹೊಡೆದುಹಾಕಿದೆ.

ಇನ್ನು ಉದ್ದ ಕೇಬಲ್ಲಿನ ಗುಂಯ್. ವೇದಿಕೆಯಿಂದ ಮಿಕ್ಸರಿಗೆ ಮೂವತ್ತು ಮೀಟರ್ ಸಾದಾ ಕೇಬಲ್ ಎಳೆದರೆ ದೀಪದ ಡಿಮ್ಮರುಗಳ ಸದ್ದೆಲ್ಲ ಅದರಲ್ಲಿ ಸೇರುತ್ತದೆ. ಡಿ.ಐ. ಬಾಕ್ಸ್ ಹಾಕಿದರೆ ಸಿಗ್ನಲ್ ಬ್ಯಾಲೆನ್ಸ್ ಆಗಿ ಹೋಗುತ್ತದೆ, ಗದ್ದಲ ಬಹುಪಾಲು ಅಡಗುತ್ತದೆ. ಮೈಕ್ ಸೆಟ್‌ನವರ ಹತ್ತಿರ ಅದು ಇದ್ದೇ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಸಂಗೀತದವರ ಸೇರ್ಪಡೆ ಪಟ್ಟಿಗಳಲ್ಲಿ ಇದರ ಹೆಸರು ಅಪರೂಪ, ಆದರೆ ಜನರ ಮುಂದೆ ನುಡಿಸುವವರಿಗೆ ಎಷ್ಟೋ ಮಾಡ್ಯೂಲಿಗಿಂತ ಇದು ದೊಡ್ಡದು.

ಒಟ್ಟು ಖರ್ಚು 1,250 ರೂಪಾಯಿ. ಉಳಿದ ದುಡ್ಡಿನಲ್ಲಿ ಬಹುಪಾಲು ಫೋನಿಗೆ ಹೋಯಿತು. ನಾಟಕ ನಾಲ್ಕು ಊರುಗಳಲ್ಲಿ ಆಯಿತು. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಬೋರ್‌ವೆಲ್ ಸದ್ದು ಬಂದಾಗ ಮುಂದೆ ಕೂತಿದ್ದ ಹಿರಿಯರೊಬ್ಬರು ತಲೆ ತಗ್ಗಿಸಿ ಕೂತರು, ಆ ದೃಶ್ಯ ಮುಗಿಯುವವರೆಗೂ ಎತ್ತಲಿಲ್ಲ. ಆಮೇಲೆ ಅವರ ಹತ್ತಿರ ಹೋಗಿ ಏನೂ ಕೇಳಲಿಲ್ಲ. ವರದಿಗಾರನಾಗಿ ಹೋಗಿದ್ದರೆ ಎಷ್ಟು ಅಡಿ ಕೊರೆಸಿದಿರಿ, ಎಷ್ಟು ಸಾಲ ಎಂದು ಕೇಳುತ್ತಿದ್ದೆ. ಅವತ್ತು ನಾನು ಸದ್ದು ಮಾಡುವವನಾಗಿ ಹೋಗಿದ್ದೆ.

ನೀವೂ ಇಂಥ ಯಂತ್ರ ಕೊಳ್ಳುವವರಾದರೆ ನನ್ನ ಪಟ್ಟಿಯನ್ನೇ ನಕಲು ಮಾಡಬೇಡಿ. ನಿಮ್ಮ ಕೆಲಸ ಬೇರೆ, ಜಾಗ ಬೇರೆ. ಮನೆಯಲ್ಲಿ ಕೂತು ರೆಕಾರ್ಡ್ ಮಾಡುವವರಿಗೆ ರಿವರ್ಬೇ ಮೊದಲು ಬೇಕಾಗಬಹುದು. ಕುಣಿಯುವ ತಾಳ ಕಟ್ಟುವವರಿಗೆ ಸೀಕ್ವೆನ್ಸರ್ ಬೇಕಾಗಬಹುದು. ಒಂದು ತಿಂಗಳು ಗೆರೆ ಹಾಕಿ ನೋಡಿ, ಸಾಕು. ತಗ್ಗಿಸುವುದು, ಬೆರೆಸುವುದು ಮೊದಲು ಬರಲಿ. ಹೊಸ ದನಿ ಹುಟ್ಟಿಸುವುದು ಆಮೇಲೆ. ಒಂದು ಸಲಕ್ಕೆ ಒಂದೇ ವಸ್ತು ತನ್ನಿ, ಅದು ಕೈಗೆ ಕೂರುವವರೆಗೆ ಮುಂದಿನದು ಬೇಡ. ಮನೆಯಲ್ಲಿ, ಗೆಳೆಯರ ಚೀಲದಲ್ಲಿ, ಮೈಕ್ ಸೆಟ್ ಅಂಗಡಿಯಲ್ಲಿ ಈಗಾಗಲೇ ಏನಿದೆ ಎಂದು ಒಮ್ಮೆ ನೋಡಿ. 32 ತೂತುಗಳಲ್ಲಿ ಇಪ್ಪತ್ತು ಖಾಲಿ ಇದ್ದರೆ ಇರಲಿ ಬಿಡಿ, ಅವೇನು ನಾವು ತೀರಿಸಬೇಕಾದ ಸಾಲವಲ್ಲ.

ನನ್ನ ಪಟ್ಟಿ ಇನ್ನೂ ನಡೆದಿದೆ. ಇನ್ನೊಂದು ಫಿಲ್ಟರಿನ ಮುಂದೆ ಎರಡಿದ್ದ ಗೆರೆ ಈಗ ಏಳಾಗಿದೆ. ತಂಬೂರಿಗೆ ಒಂದು, ಗಾಳಿಗೆ ಒಂದು ಬೇರೆ ಬೇರೆ ಇದ್ದರೆ ಎರಡನ್ನೂ ಒಟ್ಟಿಗೆ ನುಡಿಸಬಹುದು. ಮಳೆಗಾಲ ಮುಗಿದು ಮುಂದಿನ ನಾಟಕದ ತಾಲೀಮಿನಲ್ಲಿ ಅದು ಹತ್ತು ದಾಟಿದರೆ ರಿಪೇರಿ ಅಣ್ಣನ ಅಂಗಡಿಗೆ ಮತ್ತೆ ಹೋಗಬೇಕು. ಈ ಸಲ ಅವನಿಗೂ ಸ್ವಲ್ಪ ಕಷ್ಟದ ಕೆಲಸವೇ.